ಕಲ್ಲು ತಟ್ಟಿ ನೋಡುವ ಊರು, ಕಣ್ಣು ಮುಚ್ಚಿ ಕೊಳ್ಳುವ ಲ್ಯಾಪ್‌ಟಾಪು

ನಮ್ಮ ಜನ ಗ್ರೈಂಡರು ಕೊಳ್ಳುವುದನ್ನು ನೋಡಬೇಕು. ಕಲ್ಲಿನ ಮೇಲೆ ಕೈಯಾಡಿಸ್ತಾರೆ, ತಟ್ಟಿ ಸದ್ದು ಕೇಳ್ತಾರೆ. ಮೋಟಾರಿನ ಒಳಗೆ ತಾಮ್ರದ ತಂತಿಯೋ ಅಲ್ಯೂಮಿನಿಯಮ್ಮೋ ಅಂತ ವಿಚಾರಿಸ್ತಾರೆ. ಕೆಟ್ಟರೆ ಯಾರು ಬಂದು ಸರಿಮಾಡ್ತಾರೆ ಅಂತ ಕೇಳದೆ ಹಣ ತೆಗೆಯುವುದಿಲ್ಲ. ಕೊಯಮತ್ತೂರು ವೆಟ್ ಗ್ರೈಂಡರಿಗೆ ಭೌಗೋಳಿಕ ಗುರುತಿನ ಮುದ್ರೆ ಸುಮ್ಮನೆ ಸಿಕ್ಕಿಲ್ಲ. ಮಾಡುವವರೂ ಇಲ್ಲೇ ಇದ್ದಾರೆ, ತಿಳಿದು ಕೊಳ್ಳುವವರೂ ಇಲ್ಲೇ ಇದ್ದಾರೆ. ಮಗ್ಗದ ಮನೆಯವರಂತೂ ಸೀರೆಯ ಹಿಂಬದಿ ತಿರುಗಿಸಿ ನೋಡದೆ ಬೆಲೆ ಮಾತಾಡುವುದೇ ಇಲ್ಲ. ನೂಲಿನ ನಂಬರು ಎಷ್ಟು, ಹಾಸು ಯಾವುದು, ಹೊಕ್ಕು ಯಾವುದು, ಬಣ್ಣ ನಿಲ್ಲುತ್ತಾ, ಎಲ್ಲಾ ಬೆರಳ ತುದಿಯಲ್ಲೇ ಗೊತ್ತಾಗಿಬಿಡುತ್ತೆ.

ಇದೇ ಜನ ಐವತ್ತು ಅರವತ್ತು ಸಾವಿರ ಕೊಟ್ಟು ಲ್ಯಾಪ್‌ಟಾಪು ಕೊಳ್ಳಲು ಹೋದಾಗ ಕೈಕಟ್ಟಿ ನಿಲ್ತಾರೆ. "ಒಳ್ಳೇದು ಒಂದು ಕೊಡಿ ಸಾರ್, ಹುಡುಗನಿಗೆ" ಅಂತಾರೆ. ಅಷ್ಟೇ. ಅಂಗಡಿಯವನು ಯಾವುದನ್ನು ತಳ್ಳಬೇಕು ಅಂತಿದ್ದಾನೋ ಅದೇ ಆ ಹೊತ್ತಿಗೆ ಒಳ್ಳೆಯದಾಗಿಬಿಡುತ್ತದೆ.

ನಾನು ಹೇಳುವುದು ಇಷ್ಟೇ. ಮನೆಯ ಕೆಲಸವನ್ನು ಮೊದಲು ಅಳೆಯಿರಿ, ಆಮೇಲೆ ಯಂತ್ರವನ್ನು ಅಳೆಯಿರಿ. ಬಿಚ್ಚಿ ಸರಿಮಾಡಲು ಬರುವಂಥದನ್ನೇ ತನ್ನಿ. ಮಿಕ್ಕಿದ ದುಡ್ಡು ಮನೆಯಲ್ಲೇ ಇರಲಿ. ಕುರಿಚಿಯಂಥ ಊರಿನವರಿಗೆ ಇದನ್ನು ಹೇಳಬೇಕಾಗಿ ಬಂತಲ್ಲ ಅನ್ನುವುದೇ ನನ್ನ ಸಿಟ್ಟು. ಸಿಡ್ಕೊ ಎಸ್ಟೇಟಿನ ಪಕ್ಕದಲ್ಲಿ ಬದುಕುವವರು ನಾವು. ಪಂಪಿನ ಮೋಟಾರು ಸುಟ್ಟರೆ ಎಸೆಯುವುದಿಲ್ಲ, ಕಾಯಿಲು ಕಟ್ಟಿಸಿ ಇನ್ನೂ ಹತ್ತು ವರ್ಷ ಓಡಿಸ್ತೀವಿ. 2011ರಲ್ಲಿ ಕುರಿಚಿ ಕೊಯಮತ್ತೂರು ಮಹಾನಗರ ಪಾಲಿಕೆಗೆ ಸೇರಿತು. ಆದರೂ ಊರಿನ ಬುದ್ಧಿಯನ್ನು ಪಾಲಿಕೆಗೆ ಬರೆದುಕೊಟ್ಟಿಲ್ಲ ತಾನೆ?

ಮೊದಲು ಕೆಲಸದ ವಿಚಾರ. ಮನೆಗೆ ಅಂತ, ಆಗಾಗ ಕೆಲಸಕ್ಕೆ ಅಂತ ಕೊಳ್ಳುವ ಲ್ಯಾಪ್‌ಟಾಪಿನಲ್ಲಿ ನಿಜವಾಗಿ ನಡೆಯುವುದು ಏನು? ಮೇಷ್ಟರ ಮನೆಯಲ್ಲಿ ಸಂಜೆ ಇಎಮ್‌ಐಎಸ್‌ನಲ್ಲಿ ಮಕ್ಕಳ ವಿವರ ತುಂಬುವುದು, ಅಂಕಪಟ್ಟಿ, ಪ್ರಶ್ನೆಪತ್ರಿಕೆ, ನಾಳೆ ಪ್ರೊಜೆಕ್ಟರಿನಲ್ಲಿ ತೋರಿಸುವ ನಾಲ್ಕು ಚಿತ್ರ. ಲೇತು ಇಟ್ಟವರ ಮನೆಯಲ್ಲಿ ಬಿಲ್ಲು, ಜಿಎಸ್‌ಟಿ ರಿಟರ್ನು, ಇ-ವೇ ಬಿಲ್ಲು, ಗಿರಾಕಿಯ ಮೇಲು. ಮಗ್ಗದ ಮನೆಯಲ್ಲಿ ಸೀರೆಯ ಫೋಟೋ, ಆರ್ಡರಿನ ಲೆಕ್ಕ, ನೂಲಿನ ಬಾಕಿ. ಮಕ್ಕಳಿಗೆ ಪಾಠ, ಕಾಲೇಜು ಅರ್ಜಿ, ಸ್ಕಾಲರ್‌ಶಿಪ್ಪು, ರಾತ್ರಿ ಒಂದು ಸಿನಿಮಾ. ಇವೆಲ್ಲ ಇಂಟರ್ನೆಟ್ಟು ನೋಡುವುದು, ಬರೆಯುವುದು, ಲೆಕ್ಕದ ಹಾಳೆ, ಈ ಮೂರರಲ್ಲೇ ಮುಗಿಯುತ್ತವೆ. ಈ ಮೂರಕ್ಕೆ ಆಟದ ಲ್ಯಾಪ್‌ಟಾಪು ಬೇಕಿಲ್ಲ, ಕೆಂಪು ನೀಲಿ ದೀಪ ಮಿನುಗುವ ಕೀಲಿಮಣೆ ಬೇಕಿಲ್ಲ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೂ ಬೇಕಿಲ್ಲ. ನಿಮ್ಮ ಮಗ ಪಂಪಿನ ಭಾಗಗಳನ್ನು ಮೂರು ಆಯಾಮದಲ್ಲಿ ಬರೆಯುವ ಡಿಸೈನು ಕೆಲಸದವನಾ, ಮಗಳು ಮದುವೆ ವೀಡಿಯೊ ಜೋಡಿಸುವ ಕೆಲಸದವಳಾ? ಹಾಗಾದರೆ ಅದರ ಲೆಕ್ಕ ಬೇರೆ, ಅವರಿಗೆ ದೊಡ್ಡದೇ ಬೇಕು. ಅಂಥ ಮನೆ ಬೀದಿಗೆ ಒಂದೋ ಎರಡೋ. ಉಳಿದ ಮನೆಗಳವರು ಯಾಕೆ ಆ ಬೆಲೆ ತೆರಬೇಕು?

ನಗರದ ಒಂದು ದೊಡ್ಡ ಅಂಗಡಿಗೆ ಹೋದ ವರ್ಷ ಪಕ್ಕದ ಮನೆಯವರ ಜೊತೆ ಹೋಗಿದ್ದೆ. ಬಜೆಟ್ ಎಷ್ಟು ಅಂತ ಕೇಳಿದರು, ಕಾರ್ಡು ಯಾವ ಬ್ಯಾಂಕಿನದು ಅಂತ ಕೇಳಿದರು, ಬಣ್ಣ ಯಾವುದು ಬೇಕು ಅಂತ ಕೇಳಿದರು. ಏನು ಕೆಲಸಕ್ಕೆ ಅಂತ ಒಬ್ಬರೂ ಕೇಳಲಿಲ್ಲ. ಅವರು ಕೇಳದಿದ್ದರೆ ಬೇಡ. ನಾವೇ ಮನೆಯಲ್ಲಿ ಕೂತು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು.

ಈಗ ಹೆಸರಿನ ಮಾಯೆ. ಲ್ಯಾಪ್‌ಟಾಪಿನ ಮೇಲೆ ಅಂಟಿಸಿದ ಚೀಟಿ ನೋಡಿ ನಮ್ಮವರು "ಐ-7 ಇದೆ, ಐ-3 ಸಾಲದು" ಅಂತಾರೆ. ಬರೀ ಆ ಒಂದಂಕಿ ಏನೂ ಹೇಳುವುದಿಲ್ಲ. 2015ರಲ್ಲಿ ಬಂದ ಇಂಟೆಲ್ ಐ-7 6500ಯು ಅನ್ನುವುದಕ್ಕೆ ಇದ್ದದ್ದು ಎರಡು ಕೋರು. 2022ರ ಐ-3 1215ಯುಗೆ ಆರು ಕೋರು. ಹಳೆಯ ಏಳಕ್ಕಿಂತ ಹೊಸ ಮೂರೇ ಚುರುಕು. ಅಂದರೆ ಕೇಳಬೇಕಾದದ್ದು ಪೂರ್ತಿ ನಂಬರು ಮತ್ತು ಅದು ಬಂದ ವರ್ಷ. ಎಎಮ್‌ಡಿಯವರದು ಇನ್ನೂ ತಮಾಷೆ. ಅವರ 7000 ಸಾಲಿನ ರೈಜೆನ್ ಚಿಪ್ಪುಗಳಲ್ಲಿ ಮೊದಲನೆಯ ಅಂಕಿ ಮಾರಾಟದ ವರ್ಷದ ಗುರುತು, ಮೂರನೆಯ ಅಂಕಿ ಒಳಗಿನ ವಿನ್ಯಾಸದ ಗುರುತು. ರೈಜೆನ್ 5 7520ಯು ಅಂದರೆ ಮೂರನೆಯ ಅಂಕಿ ಎರಡು. ಅದು ಜೆನ್ 2 ವಿನ್ಯಾಸ, 2019ರಲ್ಲೇ ಹೊರಬಂದದ್ದು. 7530ಯು ಅಂದರೆ ಜೆನ್ 3. ಚೀಟಿಯಲ್ಲಿ ಎರಡಕ್ಕೂ ರೈಜೆನ್ 5 ಅಂತಲೇ ಇರುತ್ತದೆ. ಹಳೆ ಅಕ್ಕಿಯನ್ನು ಹೊಸ ಚೀಲಕ್ಕೆ ತುಂಬಿದರೆ ನಮ್ಮ ಹೆಂಗಸರು ಒಂದು ಕಾಳು ಬಾಯಿಗೆ ಹಾಕಿಕೊಂಡು ಹೇಳಿಬಿಡ್ತಾರೆ. ಹಳೆ ಅಕ್ಕಿ ಕೆಟ್ಟದ್ದೇನಲ್ಲ, 7520ಯು ಕೂಡ ಮನೆಯ ಸಣ್ಣ ಕೆಲಸ ಮಾಡುತ್ತೆ. ಆದರೆ ಹೊಸದರ ಬೆಲೆಗೆ ಯಾಕೆ ಕೊಳ್ಳಬೇಕು?

ಹಾಗಾದರೆ ದುಡ್ಡು ಯಾವುದಕ್ಕೆ ಕೊಡಬೇಕು? ಮೊದಲನೆಯದು ಮೆಮೊರಿ. ಈಗಿನ ಕಾಲಕ್ಕೆ 8 ಜಿಬಿ ಕಡಿಮೆಯ ಗೆರೆ, 16 ಜಿಬಿ ಇದ್ದರೆ ಐದಾರು ವರ್ಷ ನಿಶ್ಚಿಂತೆ. 2025ರ ಕೊನೆಯಿಂದ ಪ್ರಪಂಚದಾದ್ಯಂತ ಮೆಮೊರಿ ಚಿಪ್ಪಿನ ಬೆಲೆ ಜೋರಾಗಿ ಏರಿದೆ. ಕೃತಕ ಬುದ್ಧಿಯ ದೊಡ್ಡ ದೊಡ್ಡ ಕೇಂದ್ರಗಳು ಬಾಚಿಕೊಂಡು ಹೋಗುತ್ತಿರುವುದೇ ಕಾರಣ. ಆದ್ದರಿಂದಲೇ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಮೆಮೊರಿಯನ್ನು ಬೋರ್ಡಿಗೆ ಬೆಸುಗೆ ಹಾಕಿದ್ದಾರೋ, ಇಲ್ಲಾ ತೆಗೆದು ಹಾಕುವ ಸ್ಲಾಟು ಇದೆಯೋ? ಸ್ಲಾಟು ಇದ್ದರೆ ಇವತ್ತು 8 ತಂದು, ಬೆಲೆ ಇಳಿದಾಗ ಇನ್ನೊಂದು 8 ಸೇರಿಸಬಹುದು. ಬೆಸುಗೆ ಹಾಕಿದ್ದರೆ ತಂದ ದಿನ ಎಷ್ಟೋ ಕೊನೆಯ ದಿನವೂ ಅಷ್ಟೇ. ತೆಳ್ಳಗಿದೆ, ಚೆಂದ ಇದೆ ಅಂತ ಕೊಂಡದ್ದರಲ್ಲಿ ಬಹಳಷ್ಟು ಹೀಗೆ ಬೆಸೆದವೇ.

ಎರಡನೆಯದು ಎಸ್‌ಎಸ್‌ಡಿ. ತಿರುಗುವ ತಟ್ಟೆಯ ಹಳೆ ಹಾರ್ಡ್ ಡಿಸ್ಕ್ ಒಂದನ್ನೇ ನಂಬಿದ ಯಂತ್ರವನ್ನು ಯಾರು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. 256 ಜಿಬಿ ಸಾಕು, 512 ಇದ್ದರೆ ಧಾರಾಳ. ಮೂರನೆಯದು ಪರದೆ. 1920 ಗುಣಿಸು 1080 ಚುಕ್ಕಿ ಇರಲಿ, ಐಪಿಎಸ್ ಪರದೆ ಆಗಿರಲಿ. ಪಕ್ಕಕ್ಕೆ ಸರಿದು ನಿಂತು ನೋಡಿ, ಬಣ್ಣ ಮಾಸಿದ ಹಾಗೆ ಕಂಡರೆ ಬಿಟ್ಟುಬಿಡಿ. ಸೀರೆಯ ಬಣ್ಣವನ್ನು ಗಿರಾಕಿಗೆ ತೋರಿಸುವವರಿಗೆ ಇದು ಸಣ್ಣ ಮಾತಲ್ಲ. ನಾಲ್ಕನೆಯದು ಕೀಲಿಮಣೆ. ಅಂಗಡಿಯಲ್ಲೇ ನಿಂತು ನಿಮ್ಮ ವಿಳಾಸವನ್ನು ಹತ್ತು ಸಲ ಟೈಪು ಮಾಡಿ. ನಾಚಿಕೆ ಬೇಡ. ಐದನೆಯದು ತೂತುಗಳು. ಹಳೆ ಪೆನ್‌ಡ್ರೈವು ಹೋಗುವ ಯುಎಸ್‌ಬಿ ಎರಡಾದರೂ, ಶಾಲೆಯ ಪ್ರೊಜೆಕ್ಟರಿಗೆ ಎಚ್‌ಡಿಎಮ್‌ಐ ಒಂದು, ಮತ್ತು ಟೈಪ್-ಸಿಯಲ್ಲೇ ಚಾರ್ಜು ಆಗುವಂತಿದ್ದರೆ ಇನ್ನೂ ಲೇಸು. ಯುರೋಪಿನವರು 2024ರ ಡಿಸೆಂಬರಿನಿಂದ ಫೋನಿಗೆ, 2026ರ ಏಪ್ರಿಲಿನಿಂದ ಲ್ಯಾಪ್‌ಟಾಪಿಗೆ ಆ ಒಂದೇ ಬಗೆಯ ಚಾರ್ಜರು ಅಂತ ಕಾನೂನು ಮಾಡಿದ್ದಾರೆ. ಚಾರ್ಜರು ಕಳೆದರೆ ಊರೆಲ್ಲ ಹುಡುಕುವ ಕಷ್ಟ ಅವರಿಗೂ ಗೊತ್ತು ಅಂತ ಕಾಣುತ್ತೆ.

ಕೊನೆಯದು ಬ್ಯಾಟರಿ ಮತ್ತು ರಿಪೇರಿ. ತಿಂಗಳ ನಿರ್ವಹಣೆ ಅಂತ ಬೆಳಗ್ಗೆಯಿಂದ ಸಂಜೆವರೆಗೆ ಕರೆಂಟು ತೆಗೆಯುವ ದಿನ ನಮಗೆ ಗೊತ್ತೇ ಇದೆ. ಆವತ್ತು ನಾಲ್ಕೈದು ಗಂಟೆ ನಿಲ್ಲುವ ಬ್ಯಾಟರಿ ಬೇಕು. ಅದಕ್ಕಿಂತ ಮುಖ್ಯ, ಮೂರು ನಾಲ್ಕು ವರ್ಷಕ್ಕೆ ಅದು ಸೊರಗಿದಾಗ ಬದಲಿ ಬ್ಯಾಟರಿ ಸಿಗುತ್ತಾ? ಸರ್ವೀಸು ಸೆಂಟರು ಕೊಯಮತ್ತೂರಿನಲ್ಲಿ ಇದೆಯೋ, ಚೆನ್ನೈಗೆ ಕಳಿಸಬೇಕೋ? ಮನೆಗೇ ಬಂದು ಸರಿಮಾಡುವ ವಾರಂಟಿಯೋ, ನಾವೇ ಹೊತ್ತುಕೊಂಡು ಹೋಗುವ ವಾರಂಟಿಯೋ? ಸ್ಕ್ರೂ ಬಿಚ್ಚಿದರೆ ತೆರೆಯುವ ತಳವೋ, ಅಂಟು ಹಾಕಿದ್ದೋ? ಈ ನಾಲ್ಕು ಪ್ರಶ್ನೆಗೆ ಉತ್ತರ ಕೊಡಲಾರದ ಅಂಗಡಿಯಿಂದ ಸುಮ್ಮನೆ ಎದ್ದು ಬನ್ನಿ.

ಇನ್ನು ಕಂತಿನ ವಿಚಾರ. "ಬಡ್ಡಿಯೇ ಇಲ್ಲ ಅಣ್ಣಾ, ಒಂಬತ್ತು ಕಂತು" ಅಂತಾರೆ. ಬಡ್ಡಿ ಇಲ್ಲದೆ ಸಾಲ ಕೊಡುವ ಧರ್ಮಾತ್ಮರು ಇನ್ನೂ ಹುಟ್ಟಿಲ್ಲ. ಸೊನ್ನೆ ಬಡ್ಡಿ ಅನ್ನುವುದು ಇಲ್ಲವೇ ಇಲ್ಲ, ಅದನ್ನು ಬೇರೆ ಶುಲ್ಕದಲ್ಲಿ ಮುಚ್ಚಿಡುತ್ತಾರೆ ಅಂತ ರಿಸರ್ವ್ ಬ್ಯಾಂಕೇ 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಒಂದು ಲೆಕ್ಕ ಹಾಕಿ ನೋಡೋಣ. ಕಂತಿನಲ್ಲಾದರೆ ತಿಂಗಳಿಗೆ 6,000ದಂತೆ ಒಂಬತ್ತು ತಿಂಗಳು, ಒಟ್ಟು 54,000. ಅದೇ ಯಂತ್ರಕ್ಕೆ ಕೈಮೇಲೆ ಹಣ ಕೊಟ್ಟರೆ 50,000. ಕಂತಿನವರು 500 ರೂಪಾಯಿ ಶುಲ್ಕ, ಅದರ ಮೇಲೆ 90 ರೂಪಾಯಿ ತೆರಿಗೆ ಬೇರೆ ತೆಗೆದುಕೊಂಡರು ಅಂತಿಟ್ಟುಕೊಳ್ಳಿ. ಐವತ್ತು ಸಾವಿರದ ಸಾಲಕ್ಕೆ ನೀವು ಕೊಟ್ಟದ್ದು 4,590. ಅಸಲು ತಿಂಗಳು ತಿಂಗಳು ತೀರುತ್ತಾ ಬಂದಿರುವುದರಿಂದ ಬಡ್ಡಿ ವರ್ಷಕ್ಕೆ ನೂರಕ್ಕೆ ಇಪ್ಪತ್ತು ದಾಟುತ್ತದೆ. ಕಂತೇ ಬೇಡ ಅಂತ ನಾನು ಹೇಳುವುದಿಲ್ಲ. ಎಲ್ಲರ ಮನೆಯಲ್ಲೂ ಐವತ್ತು ಸಾವಿರ ಒಟ್ಟಿಗೆ ಇರುವುದಿಲ್ಲ. ಆದರೆ "ಕೈಮೇಲೆ ಕೊಟ್ಟರೆ ಎಷ್ಟು?" ಅಂತ ಮೊದಲು ಕೇಳಿ, ಆಮೇಲೆ ಕಂತಿನ ಮಾತು.

ವರ್ಕ್‌ಶಾಪು ಇರುವವರಿಗೆ ಇನ್ನೊಂದು ಮಾತು. ಲ್ಯಾಪ್‌ಟಾಪಿಗೆ ಜಿಎಸ್‌ಟಿ ನೂರಕ್ಕೆ 18. ತೆರಿಗೆ ಸೇರಿ 50,000 ಅಂದರೆ ಅದರೊಳಗೆ ತೆರಿಗೆಯೇ 7,627. ಕಾಂಪೋಸಿಷನ್ ಸ್ಕೀಮಿನಲ್ಲಿ ಇಲ್ಲದವರು ನಿಮ್ಮ ಜಿಎಸ್‌ಟಿ ನಂಬರು ಹಾಕಿಸಿ ಬಿಲ್ಲು ತೆಗೆದುಕೊಂಡರೆ, ವ್ಯಾಪಾರಕ್ಕೆ ಬಳಸಿದಷ್ಟು ಪಾಲಿನ ತೆರಿಗೆ ವಾಪಸು ಲೆಕ್ಕಕ್ಕೆ ಬರುತ್ತೆ. ಮಗನ ಹೆಸರಿನಲ್ಲಿ ಬಿಲ್ಲು ಹಾಕಿಸಿಕೊಂಡು ಬರುವವರು ಅದನ್ನು ಅಂಗಡಿಯಲ್ಲೇ ಬಿಟ್ಟು ಬರ್ತಾರೆ.

ಪುಕ್ಕಟೆ ಸಿಗುವುದನ್ನು ಮಾರುವ ಚಮತ್ಕಾರ ಇನ್ನೊಂದಿದೆ. ವೈರಸ್ ತಡೆಯುವ ಸಾಫ್ಟ್‌ವೇರು ವಿಂಡೋಸಿನಲ್ಲೇ ಇದೆ, ಬೇರೆ ಕೊಳ್ಳಬೇಕಿಲ್ಲ. ಬರೆಯಲು, ಲೆಕ್ಕ ಹಾಕಲು ಲಿಬ್ರೆ ಆಫೀಸು ಉಚಿತ. ಕದ್ದ ಕಾಪಿಯನ್ನು "ಸೇರಿಸಿ ಕೊಡ್ತೀವಿ" ಅನ್ನುವವರನ್ನು ಹತ್ತಿರ ಸೇರಿಸಬೇಡಿ. ಅದರ ಜೊತೆ ಏನೇನು ಒಳಗೆ ಬರುತ್ತದೋ ದೇವರೇ ಬಲ್ಲ, ಆ ಯಂತ್ರದಲ್ಲೇ ನೀವು ಬ್ಯಾಂಕಿನ ಪಾಸ್‌ವರ್ಡು ಹೊಡೆಯುವುದು.

ಕನ್ನಡದ ವಿಷಯವೂ ಇಲ್ಲೇ ಬರುತ್ತದೆ. ನಮ್ಮ ಮನೆಗಳಲ್ಲಿ ಕನ್ನಡ ನಾಲಿಗೆಯ ಮೇಲಿದೆ, ಮಕ್ಕಳ ಕೈಗೆ ಬಂದಿರುವುದು ತಮಿಳು, ಇಂಗ್ಲಿಷು. ತಮಿಳು ನಮಗೆ ಅನ್ನ ಕೊಟ್ಟ ಭಾಷೆ, ಅದರ ಮೇಲೆ ತಕರಾರಿಲ್ಲ. ಆದರೆ "ಕನ್ನಡ ಬೇಕಾದರೆ ಬೇರೆ ಸಾಫ್ಟ್‌ವೇರು, ಬೇರೆ ಖರ್ಚು" ಅಂದರೆ ನಂಬಬೇಡಿ. ವಿಂಡೋಸಿನ ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿದರೆ ಅಕ್ಷರವೂ ಬರುತ್ತೆ, ಕೀಲಿಮಣೆಯೂ ಬರುತ್ತೆ. ಇನ್‌ಸ್ಕ್ರಿಪ್ಟ್ ಅನ್ನುವ ಆ ಕೀಲಿಮಣೆಯಲ್ಲಿ ಸ್ವರ ಎಡಗೈಗೆ, ವ್ಯಂಜನ ಬಹುಪಾಲು ಬಲಗೈಗೆ. ಭಾರತದ ಲಿಪಿಗಳಿಗೆಲ್ಲ ಅದೇ ಜೋಡಣೆ. ತಮಿಳಿನ ಇನ್‌ಸ್ಕ್ರಿಪ್ಟಿನಲ್ಲಿ ಕ ಎಲ್ಲಿದೆಯೋ ಕನ್ನಡದ ಕ ಅಲ್ಲೇ ಇದೆ, ಇಂಗ್ಲಿಷಿನ ಕೆ ಕೀಲಿಯ ಮೇಲೆ. ಒಂದು ಕಲಿತ ಮಗುವಿಗೆ ಇನ್ನೊಂದು ತಾನಾಗಿ ಬರುತ್ತೆ. ಮೇಷ್ಟರು ಅರ್ಧ ಗಂಟೆ ಕೊಟ್ಟರೆ ಸಾಕು, ಅಜ್ಜಿಯ ಮಾತನ್ನು ಮೊಮ್ಮಗಳು ಅಜ್ಜಿಯ ಭಾಷೆಯ ಅಕ್ಷರದಲ್ಲೇ ಬರೆದಿಡಬಹುದು.

ಹೊಸದೇ ಯಾಕೆ ಬೇಕು ಅನ್ನುವುದೂ ಕೇಳಬೇಕಾದ ಪ್ರಶ್ನೆ. ತಮಿಳುನಾಡು ಸರ್ಕಾರ 2011ರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಕೊಟ್ಟ ಲ್ಯಾಪ್‌ಟಾಪು ಐವತ್ತು ಲಕ್ಷ ದಾಟಿದೆ. ಅದರಲ್ಲಿ ಒಂದೆರಡು ನಿಮ್ಮ ಮನೆಯ ಅಟ್ಟದ ಮೇಲೂ ಇರಬಹುದು. ಇಳಿಸಿ ಒರೆಸಿ. ಒಳಗಿನ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ತುಂಬಿಸಿದರೆ ಎಷ್ಟೋ ಯಂತ್ರ ಓದು ಬರಹಕ್ಕೆ ಎದ್ದು ನಿಲ್ಲುತ್ತವೆ. ಆ ಯೋಜನೆಯ ಲ್ಯಾಪ್‌ಟಾಪಿನಲ್ಲಿ ಸರ್ಕಾರವೇ ಬಾಸ್ ಲಿನಕ್ಸ್ ಹಾಕಿ ಕೊಟ್ಟಿತ್ತು. ನಾವು ಅದನ್ನು ತೆರೆದೇ ನೋಡಲಿಲ್ಲ.

ಕಂಪನಿಗಳು ಬಳಸಿ ಬಿಟ್ಟ, ಸರಿಮಾಡಿ ಮಾರುವ ಲ್ಯಾಪ್‌ಟಾಪುಗಳೂ ಇವೆ. ಕಚೇರಿಗೆ ಅಂತ ಮಾಡಿದವು ಗಟ್ಟಿ, ಬಿಚ್ಚಲು ಸುಲಭ. ಆದರೆ ಕಣ್ಣು ತೆರೆದಿರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮಾಮೂಲು ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನಿಂದ ಈಚಿನದು ಬೇಕು, ಟಿಪಿಎಮ್ 2.0 ಬೇಕು. ಆರು, ಏಳನೆಯ ತಲೆಮಾರಿನದನ್ನು ಈಗ ಅಗ್ಗಕ್ಕೆ ದಾಟಿಸುತ್ತಿರುವುದು ಇದಕ್ಕೇ. ಬ್ಯಾಟರಿ ರಿಪೋರ್ಟು ತೆಗೆದು ತೋರಿಸಿ ಅನ್ನಿ, ಅದು ವಿಂಡೋಸಿನಲ್ಲೇ ಬರುತ್ತೆ. ಹುಟ್ಟಿದಾಗಿನ ಶಕ್ತಿಯ ಅರ್ಧಕ್ಕಿಂತ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಕೊಡಿ. ಹಳೆ ಕಂಪನಿಯ ಬೀಗ ತೆಗೆದಿದ್ದಾರಾ ನೋಡಿ. ಸೀರಿಯಲ್ ನಂಬರು ಬರೆದ ಬಿಲ್ಲು ಇಲ್ಲದೆ ಮುಟ್ಟಬೇಡಿ.

"ಕಾಲ ಬದಲಾಗಿದೆ, ಈಗ ಎಐ ಬಂದಿದೆ, ಎಐ ಲ್ಯಾಪ್‌ಟಾಪೇ ಬೇಕು" ಅನ್ನುವವರಿಗೆ ಉತ್ತರ ಹೇಳಬೇಕು. ಮೈಕ್ರೋಸಾಫ್ಟ್ 2024ರಲ್ಲಿ ಕೋಪೈಲಟ್ ಪ್ಲಸ್ ಅನ್ನುವ ಒಂದು ವರ್ಗ ಮಾಡಿ, ಅದಕ್ಕೆ ವಿಶೇಷ ಚಿಪ್ಪು ಬೇಕು ಅಂದಿದ್ದು ನಿಜ. ಆದರೆ ನಿಮ್ಮ ಮಕ್ಕಳು ಪ್ರಶ್ನೆ ಕೇಳಿ ಉತ್ತರ ಪಡೆಯುವ ಎಐ ಅವರ ಲ್ಯಾಪ್‌ಟಾಪಿನಲ್ಲಿ ಕೂತಿಲ್ಲ, ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಕೂತಿದೆ. ಇಂಟರ್ನೆಟ್ಟು ಬರುವ ಯಾವ ಯಂತ್ರದಿಂದಲೂ ಅದನ್ನು ಮಾತಾಡಿಸಬಹುದು.

"ಫೋನೇ ಸಾಕಲ್ಲ, ಲ್ಯಾಪ್‌ಟಾಪೇ ಯಾಕೆ?" ಅನ್ನುವ ಇನ್ನೊಂದು ಪಕ್ಷವೂ ಇದೆ. ಅದಕ್ಕೂ ನಾನು ಒಪ್ಪುವುದಿಲ್ಲ. ಫೋನು ನೋಡುವುದಕ್ಕೆ ಸರಿ. ನಲವತ್ತು ಸಾಲಿನ ಬಿಲ್ಲು, ಹತ್ತು ಪುಟದ ಪ್ರಬಂಧ, ನಾಲ್ಕು ದಾಖಲೆ ಲಗತ್ತಿಸುವ ಅರ್ಜಿ ಇವನ್ನು ಹೆಬ್ಬೆರಳಲ್ಲಿ ಮಾಡಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ಅದಕ್ಕೇ ಲ್ಯಾಪ್‌ಟಾಪು ಬೇಕು ಅಂತ ವಾದಿಸುತ್ತೇನೆ, ಅದಕ್ಕೇ ಅದು ಎಲ್ಲರ ಕೈಗೆ ಎಟುಕುವ ಬೆಲೆಯಲ್ಲಿ ಬರಬೇಕು ಅಂತಲೂ ವಾದಿಸುತ್ತೇನೆ.

ಎಲ್ಲರ ಕೈಗೆ ಅಂದೆ. ಇದು ನನ್ನ ಮುಖ್ಯ ತಕರಾರು. ಮನೆಯ ದುಡ್ಡಿನಲ್ಲಿ, ಎಷ್ಟೋ ಸಲ ಅಮ್ಮನ ಚೀಟಿಯ ದುಡ್ಡಿನಲ್ಲಿ ಬಂದ ಲ್ಯಾಪ್‌ಟಾಪು ಮಗನ ಪಾಸ್‌ವರ್ಡಿನ ಒಳಗೆ ಸೇರಿಕೊಂಡುಬಿಡುತ್ತದೆ. ಅಮ್ಮ ಸೀರೆಯ ಲೆಕ್ಕವನ್ನು ಇನ್ನೂ ಕ್ಯಾಲೆಂಡರಿನ ಹಿಂದೆ ಬರೀತಾಳೆ. ಮಗಳು ಅಣ್ಣ ಮಲಗಿದ ಮೇಲೆ ಕೇಳಿಕೊಂಡು ಅರ್ಜಿ ತುಂಬ್ತಾಳೆ. ವಿಂಡೋಸಿನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ ಮಾಡಿಕೊಡಬಹುದು. ತಂದ ದಿನವೇ ಅಮ್ಮನ ಹೆಸರಲ್ಲಿ ಒಂದು, ಮಗಳ ಹೆಸರಲ್ಲಿ ಒಂದು ತೆರೆಯಿರಿ. ದುಬಾರಿ ಯಂತ್ರ ತಂದರೆ "ಮುಟ್ಟಬೇಡ, ಕೆಡುತ್ತೆ" ಅನ್ನುವ ಮಾತು ಹುಟ್ಟುತ್ತೆ. ಸಾಧಾರಣದ್ದು, ರಿಪೇರಿ ಆಗುವಂಥದ್ದು ತಂದರೆ ಎಲ್ಲರೂ ಮುಟ್ಟಬಹುದು. ಉಳಿದ ಹದಿನೈದು ಇಪ್ಪತ್ತು ಸಾವಿರ ಮಗಳ ಫೀಸಿಗೆ ಆಗುತ್ತೆ, ಮಗ್ಗಕ್ಕೆ ನೂಲಿಗೆ ಆಗುತ್ತೆ.

ನಮ್ಮ ಓದುಮನೆಯವರಿಗೂ ಶಾಲೆಯ ಮೇಷ್ಟರಿಗೂ ಒಂದು ಬೇಡಿಕೆ ಇಟ್ಟು ಮುಗಿಸ್ತೀನಿ. ಒಳಗೆ ಬರುವವರಿಗೆ ಕಾಣುವ ಹಾಗೆ ಗೋಡೆಗೆ ಒಂದು ಹಾಳೆ ಅಂಟಿಸಿ. ಏನು ಕೆಲಸ, ಚಿಪ್ಪಿನ ಪೂರ್ತಿ ನಂಬರು, ಮೆಮೊರಿ ಎಷ್ಟು, ಸ್ಲಾಟು ಇದೆಯಾ, ಕೈಮೇಲೆ ಬೆಲೆ, ಕಂತಿನ ಬೆಲೆ, ಸರ್ವೀಸು ಎಲ್ಲಿ, ಈ ಏಳು ಸಾಲು ಇರಲಿ. ಅದರ ಕೆಳಗೆ ಗ್ರಾಹಕರ ಸಹಾಯವಾಣಿ 1915 ಅಂತ ಬರೆಯಿರಿ. ಲ್ಯಾಪ್‌ಟಾಪು ಕೊಳ್ಳಲು ಹೊರಟ ಮನೆಯವರ ಜೊತೆ ತಿಳಿದವರೊಬ್ಬರು ಹೋಗಿ. ಕೊಂಡು ಬಂದವರು ಎಷ್ಟಕ್ಕೆ ತಂದರು, ಏನು ತಂದರು, ಆರು ತಿಂಗಳಿಗೆ ಹೇಗಿದೆ ಅಂತ ಇಲ್ಲಿನ ನೋಟುಬುಕ್ಕಿನಲ್ಲಿ ಬರೆಯಲಿ. ಎರಡು ವರ್ಷದಲ್ಲಿ ಆ ನೋಟುಬುಕ್ಕು ಯಾವ ಅಂಗಡಿಯವನಿಗಿಂತಲೂ ಚೆನ್ನಾಗಿ ನಮ್ಮ ಊರಿಗೆ ಬುದ್ಧಿ ಹೇಳುತ್ತೆ.